ಕಾಕು, ಹಾಡ ಆಹೇ ಕಾ?

ನಮ್ಮ ವೈನಿಯ ಕೈಗೆ ರಿಮೋಟ್ ಕೊಟ್ಟು ನೋಡಬೇಕು, ಆ ಮಜವೇ ಬೇರೆ! ಪುಣೆಯ ವಾಕಡದ ನನ್ನ ಫ್ಲಾಟಿಗೆ ಬಂದಾಗಲೆಲ್ಲ ಚಪ್ಪಲಿ ಬಿಟ್ಟು, ಒಂದು ತಂಬಿಗೆ ನೀರು ಕುಡಿದು, ಸೋಫಾದ ಮೇಲೆ ಕಾಲು ಮಡಚಿ ಕೂತು ಶುರು ಮಾಡುತ್ತಾಳೆ. ಒಂದೊಂದು ಚಾನೆಲ್ಲಿಗೂ ಒಂದೊಂದು ತೀರ್ಪು. "ಇದು ಸುಳ್ಳು." "ಇಂವ ಚೊಲೋ ಮನಷ್ಯಾ ಇದ್ದಾನ." "ಇಕಿ ನಾಕು ವರ್ಷದಿಂದ ಅಳ್ಳಿಕತ್ತಾಳ, ಕಣ್ಣಾಗಿನ ಕಾಡಿಗಿ ಮಾತ್ರ ಒಂದೀಟೂ ಅಳಿಸಿಲ್ಲ." ಅಷ್ಟಂದು ಮುಂದಿನ ಗುಂಡಿ ಒತ್ತುತ್ತಾಳೆ. ಮೇಲ್ಮನವಿಗೆ ಅವಕಾಶವಿಲ್ಲ.

ವೈನಿ ಎಂದರೆ ನನ್ನ ಅಣ್ಣ ಫಕೀರಪ್ಪನ ಹೆಂಡತಿ ಚನ್ನಬಸವ್ವ. ಎದುರಿಗೆ ನಾನು 'ರೀ' ಹಚ್ಚಿಯೇ ಮಾತಾಡುವುದು, ಬೆನ್ನ ಹಿಂದೆ ಪ್ರೀತಿಗೆ ಏಕವಚನ. ಆಕೆಗೂ ಅದು ಗೊತ್ತು. ಆಕೆಯನ್ನು ಟಿವಿ ಹುಚ್ಚಿ ಎಂದು ತಿಳಿದರೆ ಮಾತ್ರ ತಪ್ಪು. ಆಕೆ ಕೈ ಖಾಲಿ ಇಟ್ಟುಕೊಂಡು ಟಿವಿ ನೋಡಿದ್ದನ್ನು ಇಷ್ಟು ವರ್ಷದಲ್ಲಿ ನಾನಂತೂ ಕಂಡಿಲ್ಲ. ಜೋಳ ಹಸನು ಮಾಡುತ್ತ, ಬಳ್ಳೊಳ್ಳಿ ಸುಲಿಯುತ್ತ, ಅಣ್ಣನ ಅಂಗಿಗೆ ಗುಂಡಿ ಹಚ್ಚುತ್ತ ನಡುನಡುವೆ ತಲೆಯೆತ್ತಿ ನೋಡಿದಷ್ಟೇ ಆಕೆಯ ಟಿವಿ. ಆದರೆ ಅಷ್ಟರಲ್ಲೇ ಯಾರು ಒಳ್ಳೆಯವರು, ಯಾರು ಕೆಟ್ಟವರು, ಯಾವ ಅಡುಗೆಮನೆಯಲ್ಲಿ ಒಲೆಯೇ ಹತ್ತಿಲ್ಲ ಎಂಬುದೆಲ್ಲ ಆಕೆಗೆ ಗೊತ್ತಾಗಿಬಿಡುತ್ತದೆ.

ಸಿಂದಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಆಕೆ ಪುಣೆಗೆ ಬಂದದ್ದು 1991ರಲ್ಲಿ. ಅಣ್ಣ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತ, ನಾನು ಒಂದು ಛಾಪಖಾನೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಭವಾನಿ ಪೇಠೆಯ ಒಂದು ಹಳೆಯ ವಾಡೆಯಲ್ಲಿ ನಮಗೆ ಎರಡು ಖೋಲಿ. ನಡುವೆ ಅಂಗಳ, ಸುತ್ತ ಮನೆಗಳು, ಎಲ್ಲರಿಗೂ ಸೇರಿ ಒಂದೇ ನಳ. ನಮ್ಮ ಎದುರಿನ ಮನೆ ರಾಧಾಬಾಯಿಯವರದು. ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ತವರು ಭೋರ್. ರಾಜರಿದ್ದ ಊರಿನವಳು ಎಂಬ ಗತ್ತು ಅವರ ನಡಿಗೆಯಲ್ಲೇ ಇತ್ತು. ಕೊರಳಲ್ಲಿ ತುಳಸಿಮಣಿ, ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದೇ ಹೋಗುವ ವಾರಿ. ಮೊಟ್ಟೆಯ ಸಿಪ್ಪೆ ಅಂಗಳದಲ್ಲಿ ಬಿದ್ದಿದ್ದರೂ ಇಡೀ ವಾಡೆ ತೊಳೆಸುವ ಹೆಂಗಸು. ಮತ್ತು ವಾಡೆಯಲ್ಲಿ ಆಗ ಟಿವಿ ಇದ್ದದ್ದು ಅವರೊಬ್ಬರ ಮನೆಯಲ್ಲಿ.

ಬುಧವಾರ ಸಂಜೆ ಅದರಲ್ಲಿ ಸಿನಿಮಾ ಹಾಡುಗಳು ಬರುತ್ತಿದ್ದವು. ವೈನಿಗೆ ಹಾಡೆಂದರೆ ಜೀವ. ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ, ಮರಾಠಿಯಲ್ಲಿ ಅಣ್ಣ ಕಲಿಸಿದ್ದು ಎರಡೇ ಶಬ್ದ: 'ಆಹೇ ಕಾ', ಅಂದರೆ 'ಇದೆಯಾ'. ಬಾಜಿ ಆಹೇ ಕಾ, ಪಾಣಿ ಆಹೇ ಕಾ ಎಂದು ಹೇಗೋ ಸಂಸಾರ ನಡೆಸಿದ್ದಳು. ಆ ಬುಧವಾರ ಸೆರಗು ಹೊದ್ದು, ಕಾಕುವಿನ ಹೊಸ್ತಿಲ ಮುಂದೆ ನಿಂತು, ನಕ್ಕು ಕೇಳಿಯೇಬಿಟ್ಟಳು:

"ಕಾಕು, ಹಾಡ ಆಹೇ ಕಾ?"

ಮರಾಠಿಯಲ್ಲಿ ಹಾಡ ಎಂದರೆ ಎಲುಬು! ಬೀದಿನಾಯಿ ಓಡಿಸುವುದಕ್ಕೂ ಅವರು 'ಹಾಡ್' ಎಂದೇ ಕೂಗುವುದು.

ಕಾಕು ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟರು. "ಕಾಯ? ಹಾಡ? ಆಮ್ಚ್ಯಾ ಘರಾತ?" ಏನು, ನಮ್ಮ ಮನೆಯಲ್ಲಿ ಎಲುಬೇ ಎಂದು ಒದರಿದ ರಭಸಕ್ಕೆ ಸುತ್ತಲಿನ ಬಾಗಿಲುಗಳೆಲ್ಲ ತೆರೆದವು. ಲಿಂಗ ಕಟ್ಟಿಕೊಂಡ ಮನೆಯ ಹುಡುಗಿ ಎಲುಬು ಕೇಳುತ್ತಾಳಲ್ಲ ಎಂದು ಅವರಿಗೆ ದಿಗಿಲು. ಹಾಡು ಕೇಳಿದ್ದಕ್ಕೆ ಈ ಮುದುಕಿ ಯಾಕೆ ಮೈಮೇಲೆ ಬಂದಂತೆ ಮಾಡುತ್ತಾಳೆ ಎಂದು ಇವಳಿಗೆ ದಿಗಿಲು. ಕೊನೆಗೆ ವೈನಿ ಟಿವಿ ಕಡೆ ಕೈ ತೋರಿಸಿ, ಕಣ್ಣು ಮುಚ್ಚಿ, ತವರಿನ ಬೀಸುವ ಪದದ ಒಂದು ಸಾಲನ್ನು ಗುನುಗಿದಳು. ಕಾಕುವಿನ ಮುಖ ಅರಳಿತು. "ಅಗಂ ಬಾಯೀ! ಗಾಣಂ! ಗಾಣಂ ಮ್ಹಣ!" ಹಾಡಿಗೆ ಗಾಣಂ ಎನ್ನಬೇಕು ಎಂದು ತಿದ್ದಿದರು.

ಈಗ ಬೆಚ್ಚಿದವಳು ವೈನಿ. ನಳದ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: "ಸಂಜು, ಹಾಡ ಕೇಳಿದ್ರ ಇವರು ಎಣ್ಣಿ ಗಾಣ ತೋರಸ್ತೀನಿ ಅಂತಾರಲ್ಲೋ!"

ನಾನು ನಕ್ಕು ನಕ್ಕು ನಳದ ಕಟ್ಟೆಯ ಮೇಲೆ ಕೂತುಬಿಟ್ಟೆ. ಎರಡೂ ಕಡೆಗೆ ಅರ್ಥ ಬಿಡಿಸಿ ಹೇಳಿದ ಮೇಲೆ ಕಾಕು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಪ್ರತಿ ಬುಧವಾರ ಕಾಕು ಬಾಗಿಲಲ್ಲಿ ನಿಂತು, "ಚನ್ನಾ, ಯೇ, ಹಾಡ ಆಹೇ!" ಎಂದು ಕರೆಯುವರು. ಗೊತ್ತಿಲ್ಲದವರು ಕೇಳಿದ್ದರೆ ಏನೆಂದುಕೊಳ್ಳುತ್ತಿದ್ದರೋ!

ಆ ಕಾಲದಲ್ಲಿ ವೈನಿಗೆ ಎಲ್ಲಕ್ಕಿಂತ ಇಷ್ಟವಾದ ಕಾರ್ಯಕ್ರಮ ಯಾವುದು ಎಂದು ಕೇಳಿದರೆ ನೀವು ನಂಬುವುದಿಲ್ಲ. ಭಾನುವಾರ ಮಧ್ಯಾಹ್ನದ ಕಿವುಡರ ವಾರ್ತೆ! ಒಬ್ಬ ಹೆಂಗಸು ಕೈಬೆರಳು ಆಡಿಸುತ್ತ ಸುದ್ದಿ ಹೇಳುವಳು. ವೈನಿ ಕಾಳು ಆರಿಸುವುದನ್ನೂ ಮರೆತು ನೋಡುವಳು. "ಇದರಾಗ ಯಾರಿಗೂ ಮರಾಠಿನೂ ಬ್ಯಾಡ, ಹಿಂದಿನೂ ಬ್ಯಾಡ. ನನಗ ಎಷ್ಟು ತಿಳೀತದೋ ಊರಿಗೆಲ್ಲಾ ಅಷ್ಟs ತಿಳೀತದ," ಎನ್ನುವಳು. ಮೂಗಿನ ಪಕ್ಕ ಬೆರಳಿಟ್ಟರೆ ಹೆಣ್ಣು, ಅಂಗೈ ಮೇಲೆತ್ತಿದರೆ ಮಳೆ ಎಂದು ತನ್ನದೇ ಅರ್ಥ ಹಚ್ಚಿಕೊಂಡು ಅಣ್ಣನಿಗೆ ದೇಶದ ಸುದ್ದಿ ಹೇಳುವಳು. ಒಮ್ಮೆ ಪ್ರಧಾನಿ ಬಾವಿಗೆ ಬಿದ್ದರು ಎಂದೂ ಹೇಳಿದ್ದುಂಟು.

ಆ ವಾರ್ತೆಯ ನಂತರ ಬೇರೆ ಬೇರೆ ಭಾಷೆಯ ಸಿನಿಮಾ ಬರುತ್ತಿತ್ತು. ತಿಂಗಳುಗಟ್ಟಲೆ ಕಾದ ಮೇಲೆ ಕನ್ನಡದ ಸರದಿ. ಅಷ್ಟರಲ್ಲಿ ಅಣ್ಣ ನಮ್ಮ ಮನೆಗೂ ಒಂದು ಕಪ್ಪು-ಬಿಳುಪು ಟಿವಿ ತಂದಿದ್ದ. ವೈನಿಗೆ ನೆಲದ ಮೇಲೆ ಕಾಲಿರಲಿಲ್ಲ. ಪೇಠೆಯ ಕನ್ನಡದವರನ್ನೆಲ್ಲ ಕರೆದು, ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿಟ್ಟು ಕಾದಳು. ಸಿನಿಮಾ ಶುರುವಾಯಿತು. ಒಬ್ಬ ಮುದುಕ ಕಟ್ಟೆಯ ಮೇಲೆ ಕೂತ. ಬಹಳ ಹೊತ್ತು ಕೂತ. ಎದ್ದು ನದಿಯ ಕಡೆ ನಡೆದ. ನದಿಯನ್ನು ನೋಡಿದ. ಪ್ರಶಸ್ತಿ ಬಂದ ಸಿನಿಮಾ, ಎರಡು ತಾಸಿನಲ್ಲಿ ಯಾರೂ ನೆಟ್ಟಗೆ ಹತ್ತು ಮಾತಾಡಲಿಲ್ಲ! ಕನ್ನಡ ಕೇಳಲು ಬಂದವರು ರೊಟ್ಟಿ ತಿಂದು ಎದ್ದು ಹೋದರು. "ಮೂಕರ ವಾರ್ತಾ ಮೊದಲs ತೋರಿಸಿದ್ರಲ್ಲ, ಮತ್ತ ಮೂಕರ ಸಿನಿಮಾ ಯಾಕ ಬೇಕಿತ್ತು?" ಎಂದು ವೈನಿ ಟಿವಿಗೆ ಬೈದಳು.

ಮೆಚ್ಚದ ಧಾರಾವಾಹಿಗಳಿಗೆ ಆಕೆ ತಾನೇ ಹೆಸರಿಡುತ್ತಿದ್ದಳು. ಕೇಬಲ್ ಬಂದ ಮೇಲೆ ವಾಡೆಯ ಹೆಂಗಸರೆಲ್ಲ ಬಿಡದೆ ನೋಡುತ್ತಿದ್ದ ಒಂದು ಹಿಂದಿ ಧಾರಾವಾಹಿಗೆ 'ರೇಶ್ಮಿ ಉಟ್ಟು ಮಲಗೋರು' ಎಂದು ಹೆಸರು. ಅದರ ಮೇಲೆ ಆಕೆಗೆ ಎಲ್ಲಿಲ್ಲದ ಸಿಟ್ಟು. ಒಡವೆಗಾಗಲಿ ಜಗಳಕ್ಕಾಗಲಿ ಅಲ್ಲ, ಒಂದು ಮಾತಿಗೆ. ಅದರಲ್ಲಿ ಯಾರು ಮನೆ ಬಿಟ್ಟು ಹೊರಟರೂ 'ಮೈಂ ಜಾ ರಹೀ ಹೂಂ' ಎಂದು ಹೇಳಿ ಹೋಗುವರು. ನಮ್ಮಲ್ಲಿ ಹೊಸ್ತಿಲು ದಾಟುವಾಗ 'ಹೋಗ್ತೀನಿ' ಎಂದರೆ ತೀರಿತು, ಅದು ಸಾಯುವವರ ಮಾತು. ಪಕ್ಕದ ಗಲ್ಲಿಗೆ ಹೋದರೂ 'ಬರ್ತೀನಿ' ಎನ್ನಬೇಕು. ಮರಾಠಿಯವರೂ ಹಾಗೆಯೇ, ಹೆಂಗಸರು 'ಯೇತೇ' ಎಂದೇ ಹೊರಡುತ್ತಾರೆ, ಅಂದರೆ ಬರುತ್ತೇನೆ. "ಕಾಕುಗೆ ತಿಳಿದದ್ದು ಆ ರೇಶ್ಮಿ ಸೀರ್ಯಾವ್ರಿಗೆ ತಿಳಿಯಂಗಿಲ್ಲ," ಎಂದು ವೈನಿ ಟಿವಿ ಆರಿಸಿಬಿಡುವಳು.

ಆ ಮಾತಿನ ಬಿಸಿ ನಮ್ಮ ಮನೆಗೇ ತಟ್ಟಿದ್ದು 2000ದಲ್ಲಿ. ಊರಲ್ಲಿ ವೈನಿಯ ತಂದೆ ತೀರಿಕೊಂಡಿದ್ದರು. ತಾಯಿ ಶಿವಗಂಗವ್ವ ಒಬ್ಬಳೇ ಇದ್ದಾಗ ತಲೆ ತಿರುಗಿ ಹಿತ್ತಲಲ್ಲಿ ಬಿದ್ದು, ಸಂಜೆ ಹಾಲಿನವಳು ಬರುವ ತನಕ ಹಾಗೇ ಬಿದ್ದಿದ್ದಳಂತೆ. ವೈನಿ ಹೋಗಿ, ಆಕೆಯ ಟ್ರಂಕಿನ ಸಮೇತ ಕೈಹಿಡಿದು ಕರೆತಂದಳು. ಇನ್ನು ಯವ್ವ ಇಲ್ಲೇ ಇರಲಿ, ಮತ್ತೊಮ್ಮೆ ಬಿದ್ದರೆ ಎತ್ತುವವರು ಯಾರು ಎಂಬುದೊಂದೇ ಆಕೆಯ ಯೋಚನೆ.

ಮುದುಕಿಗೆ ಪುಣೆ ಹಿಡಿಸಲಿಲ್ಲ. "ನಳಾ ಮರಾಠಿ, ನಾಯಿ ಮರಾಠಿ. ಬಾಯಿ ಬಿಟ್ರ ಕೇಳೋರಿಲ್ಲ. ನಾ ಹೋಗ್ತೀನಿ," ಎಂದು ಮೊದಲ ದಿನವೇ ಅಂದಳು.

"ಯವ್ವಾ, ಹೋಗ್ತೀನಿ ಅನಬ್ಯಾಡ!"

"ಹೋಗ್ತೀನಿ ಅಂದ್ರ ಹೋಗ್ತೀನಿ. ದಸರಾಕ್ಕ ಸಂಜೂನ ಕೂಡ ರೈಲು ಹತ್ತಸು."

ದಿನ ಬೆಳಗಾದರೆ ಇದೇ ಮಾತು. ಬೇಕೆಂದೇ ಅನ್ನುತ್ತಿದ್ದಳು, ಮಗಳನ್ನು ಚುಚ್ಚಲು. ಅಣ್ಣ ಮತ್ತು ನಾನು ಹಗಲು ಕೆಲಸಕ್ಕೆ, ವೈನಿ ಒಲೆಗೆ, ನಳಕ್ಕೆ, ಬಜಾರಿಗೆ. ಮುದುಕಿ ಗೋಡೆಗೆ ಮುಖ ಮಾಡಿ ಕೂತಿರುವಳು. ಆಗ ವೈನಿಗೆ ಹೊಳೆಯಿತು: ಕೇಬಲ್ಲಿನಲ್ಲಿ ಕನ್ನಡ ಚಾನೆಲ್ ಹಾಕಿಸಿದರೆ? ಹಗಲೆಲ್ಲ ಯವ್ವನ ಕಿವಿಯ ಮೇಲೆ ಕನ್ನಡ ಬಿದ್ದರೆ?

ಹೊಳೆದದ್ದೇ ತಡ, ಸೆರಗು ಸೊಂಟಕ್ಕೆ ಸಿಗಿಸಿ ಹೊರಟಳು. ಕೇಬಲ್ಲಿನ ಏಕನಾಥ ತಲೆ ಕೆರೆದುಕೊಂಡ. ತನ್ನ ಮಶೀನಿನಲ್ಲಿ ಜಾಗ ಭರ್ತಿಯಾಗಿದೆ, ಒಂದು ಹಾಕಬೇಕೆಂದರೆ ಒಂದು ತೆಗೆಯಬೇಕು, ಯಾವುದು ಬೇಡ ಎಂದು ವಾಡೆಯವರೆಲ್ಲ ಕೂಡಿ ಹೇಳಿದರೆ ನಾಳೆಯೇ ಹಾಕುತ್ತೇನೆ ಎಂದ.

ಗಣಪತಿ ಹಬ್ಬದ ದಿನಗಳು. ಸಂಜೆ ಆರತಿ ಮುಗಿದ ಮೇಲೆ ಮಂಟಪದ ಮುಂದೆಯೇ ಸಭೆ. ಅಬ್ಬಾ, ಆ ಗದ್ದಲ! ಕ್ರಿಕೆಟ್ ಚಾನೆಲ್ ಎಂದರೆ ಗಂಡಸರು ಎದ್ದು ನಿಂತರು. 'ರೇಶ್ಮಿ ಉಟ್ಟು ಮಲಗೋರು' ಬರುವ ಚಾನೆಲ್ ತೆಗೆಯಿರಿ ಎಂದು ವೈನಿ ಅಂದದ್ದಕ್ಕೆ ಹೆಂಗಸರೆಲ್ಲ ಆಕೆಯ ಮೇಲೆ ಮುಗಿಬಿದ್ದರು. ಇಂಗ್ಲಿಷ್ ಚಾನೆಲ್ಲನ್ನು ಯಾರೂ ನೋಡುವುದಿಲ್ಲ ಎಂದರು, ಆದರೆ ತೆಗೆದರೆ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರಂತೆ. ಕೊನೆಗೆ ಏಕನಾಥನೇ ಹೇಳಿದ: ಭಜನೆ-ಕೀರ್ತನೆಯ ಚಾನೆಲ್ ಒಂದಿದೆಯಲ್ಲ, ಅದನ್ನು ನೋಡುವುದು ರಾಧಾಕಾಕು ಒಬ್ಬರೇ. ಎಲ್ಲರೂ ಹೌದು ಹೌದೆಂದರು. ಒಬ್ಬರ ಮಾತು ಎಷ್ಟು ಹೊತ್ತು ನಿಂತೀತು?

ವೈನಿ ಎದ್ದು ನಿಂತಳು. ತನಗೆ ಬೇಕಾದದ್ದು ಕೈಗೆ ಬಂದಿತ್ತು, ಆದರೆ ಮುಖ ಬಿಳಿಚಿತ್ತು. ಒಡಕು ಮರಾಠಿಯಲ್ಲಿ, "ಕಾಕೂಚಾ ನಕೋ," ಎಂದಳು. ಕಾಕುವಿನದು ಬೇಡ. "ಅವರ ದೇವರ ಪೂಜಿ ಬಿಡಿಸಿ ನಾ ಕನ್ನಡ ಕೇಳಂಗಿಲ್ಲ. ನಡೀರಿ, ಮನಿಗೆ ಹೋಗೂಣು," ಎಂದು ಅಣ್ಣನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು.

ಕಾಕು ಅಷ್ಟು ಹೊತ್ತು ಮಣೆಯ ಮೇಲೆ ಕೂತು ಜಪಮಣಿ ತಿರುಗಿಸುತ್ತಿದ್ದವರು. ಜಗಲಿಯ ಮೇಲೆ ಗೋಡೆ ನೋಡುತ್ತ ಕೂತ ಶಿವಗಂಗವ್ವನನ್ನು ಒಮ್ಮೆ ನೋಡಿದರು. ಆಮೇಲೆ ಇಡೀ ಸಭೆಗೆ ಕೇಳುವಂತೆ, ಗಣಪತಿಯ ಎದುರಿಗೇ, ಗಟ್ಟಿಯಾಗಿ ಕೇಳಿದರು:

"ಚನ್ನಾ, ತ್ಯಾತ ಹಾಡ ಆಹೇ ಕಾ?"

ಆ ಹಳೆಯ ಮಾತು ಗೊತ್ತಿಲ್ಲದ ಹೊಸಬರು ಕಣ್ಣು ಕಣ್ಣು ಬಿಟ್ಟರು. ತುಳಸಿಮಣಿಯ ಕಾಕು, ದೇವರ ಮುಂದೆ, ಅದರಲ್ಲಿ ಎಲುಬಿದೆಯೇ ಎಂದು ಕೇಳುತ್ತಿದ್ದಾರೆ! ಏಕನಾಥನಂತೂ ಬಾಯಿ ತೆರೆದದ್ದು ಮುಚ್ಚಲಿಲ್ಲ. ವೈನಿಗೆ ಮಾತ್ರ ಅಳುವಿನ ನಡುವೆಯೇ ನಗು ಒತ್ತರಿಸಿ ಬಂತು.

"ಭರಪೂರ ಆಹೇ, ಕಾಕು! ಭರಪೂರ ಹಾಡ ಆಹೇ!"

"ಮಗ ಲಾವ," ಎಂದರು ಕಾಕು ಏಕನಾಥನಿಗೆ. ಹಾಗಾದರೆ ಹಾಕು. ಭಜನೆ ತನ್ನ ಬಾಯಿಗೇ ಬರುತ್ತದೆ, ಅದಕ್ಕೆ ಮಶೀನು ಯಾಕೆ ಎಂದೂ ಸೇರಿಸಿದರು. ಹಬ್ಬವೇ ಇನ್ನೊಮ್ಮೆ ಬಂದಂತಾಯಿತು ನಮಗೆ! ಅಣ್ಣ ಅಲ್ಲಿಂದಲೇ ಪೇಢೆ ತರಲು ಓಡಿದ.

ಮರುದಿನ ಕನ್ನಡ ಬಂತು. ಶಿವಗಂಗವ್ವನನ್ನು ಗಾದಿಯ ಮೇಲೆ ಮದುಮಗಳಂತೆ ಕೂಡಿಸಿದೆವು. ಬೆಂಗಳೂರಿನ ಹುಡುಗಿಯೊಬ್ಬಳು ವಾರ್ತೆ ಓದತೊಡಗಿದಳು. ನಾವೆಲ್ಲ ಟಿವಿ ಬಿಟ್ಟು ಮುದುಕಿಯ ಮುಖ ನೋಡುತ್ತಿದ್ದೆವು. ಆಕೆ ಹುಬ್ಬು ಗಂಟಿಕ್ಕಿ ಕೇಳಿದಳು, ಕೇಳಿದಳು.

"ಚನ್ನೀ, ಇದ್ಯಾವ ಭಾಷಾ?"

"ಕನ್ನಡ ಯವ್ವಾ!"

"ಮತ್ತ ನನಗ್ಯಾಕ ತಿಳಿವಲ್ದು? ಪಟಪಟಾ ಅಂತಾಳ. ಇದೆ ಅಂತಾಳ, ಇವೆ ಅಂತಾಳ, ಒಂದರೆ 'ಅದ' ಇಲ್ಲ. ಇದು ನಮ್ಮ ಕನ್ನಡ ಅಲ್ಲ." ಮುದುಕಿ ಎದ್ದಳು. "ದಸರಾಕ್ಕ ನಾ ಹೋಗ್ತೀನಿ."

ಇಷ್ಟೆಲ್ಲ ಮಾಡಿ ಸಿಕ್ಕಿದ್ದು ಇದು! ವೈನಿ ಒಳಗೆ ಹೋಗಿ, ಅಳುವುದು ಕೇಳದಿರಲೆಂದು ಖಾಲಿ ಮಿಕ್ಸರನ್ನೇ ತಿರುಗಿಸಿದಳು. ನನಗೆ ಆ ಹುಡುಗಿಯ ಮೇಲೆ, ಬೆಂಗಳೂರಿನ ಮೇಲೆ, ಮುದುಕಿಯ ಹಟದ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ಆದರೆ ಕಾಕು ಲೆಕ್ಕಕ್ಕೆ ಸಿಗುವವರಲ್ಲವಲ್ಲ! ತಮ್ಮ ಚಾನೆಲ್ ಕೊಟ್ಟವರು, ಕೊಟ್ಟದ್ದರ ಬದಲಿಗೆ ಏನು ಬಂತೆಂದು ನೋಡದೆ ಬಿಡುವರೇ? ಮರುದಿನ ಮಧ್ಯಾಹ್ನ ಊಟ ಮುಗಿಸಿ ನೆಟ್ಟಗೆ ನಮ್ಮ ಮನೆಗೆ ಬಂದು, ಶಿವಗಂಗವ್ವನ ಪಕ್ಕದಲ್ಲಿ ಕೂತರು. ನನಗೆ ಅಂದು ರಜೆ, ಎಲ್ಲ ಕಣ್ಣಾರೆ ಕಂಡೆ. ಟಿವಿಯಲ್ಲಿ ಒಂದು ಹಳೆಯ ಹಾಡು, ಅದು ಮುಗಿದು ಧಾರಾವಾಹಿ. ಅದರಲ್ಲೊಬ್ಬ ಸೊಸೆ ಅಳುತ್ತಿದ್ದಳು. ಕಾಕು ಮೊಣಕೈಯಿಂದ ತಿವಿದು ಕೇಳಿದರು, "ಕಾಯ ಮ್ಹಣತೇ ಗಂ ತೀ?" ಏನನ್ನುತ್ತಾಳೆ ಅವಳು?

ಮುದುಕಿಗೆ ಮರಾಠಿ ಗೊತ್ತಿಲ್ಲ, ಆದರೆ ಕೇಳುವ ಕಣ್ಣು ಗೊತ್ತಾಗದೆ ಇರುತ್ತದೆಯೇ? ಈ ಊರಿಗೆ ಬಂದ ಮೇಲೆ ಆಕೆಯನ್ನು ಮೊದಲ ಸಲ ಯಾರೋ ಏನೋ ಕೇಳಿದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡಳು. ಧಾರಾವಾಹಿಯ ಬೆಂಗಳೂರು ಕನ್ನಡ ಆಕೆಗೂ ಅರ್ಧ ತಿಳಿದಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವುದೇ? ಉಳಿದರ್ಧವನ್ನು ತಾನೇ ಹುಟ್ಟಿಸಿದಳು! "ಇಕಿ ಅದಾಳಲ್ಲ, ಭಾಳ ಕಳ್ಳಿ. ತಲಿ ಮ್ಯಾಲ ಸೆರಗಿಲ್ಲ, ನೋಡ್ರಿ," ಎಂದು, ಕದ್ದದ್ದನ್ನು ಅಡಗಿಸುವಂತೆ ಕೈ ಮುಷ್ಟಿ ಮಾಡಿ ಸೊಂಟಕ್ಕೆ ಸಿಗಿಸಿಕೊಂಡು ತೋರಿಸಿದಳು. ಕಾಕುವಿಗೆ ಥಟ್ಟನೆ ತಿಳಿಯಿತು. "ಚೋರ!" ಎಂದು ಟಿವಿಯ ಮೇಲೆ ಹರಿಹಾಯ್ದರು. ಪಾಪ, ಆ ಸೊಸೆ ಬಂಗಾರದಂಥ ಹುಡುಗಿ, ಕದ್ದದ್ದು ಅವಳ ನಾದಿನಿ! ವೈನಿ ತಿದ್ದಲು ಬಾಯಿ ತೆರೆದಳು. ನಾನು ಕಣ್ಣು ಹೊಡೆದೆ. ಆಕೆ ಸುಮ್ಮನೆ ಬಳ್ಳೊಳ್ಳಿ ಸುಲಿಯತೊಡಗಿದಳು.

ಆಮೇಲೆ ದಿನಾ ಮಧ್ಯಾಹ್ನ ಅದೇ ಸಂಭ್ರಮ. ಟಿವಿಯಲ್ಲೊಂದು ಕಥೆ, ಶಿವಗಂಗವ್ವನ ಕೈಯಲ್ಲಿ ಇನ್ನೊಂದು, ಕಾಕುವಿನ ತಲೆಯಲ್ಲಿ ಮೂರನೆಯದು. "ವೈನಿ, ನಿಮ್ಮ ಕಿವುಡರ ವಾರ್ತಾ ಮತ್ತ ಶುರು ಆಗ್ಯದ ನೋಡ್ರಿ," ಎಂದೆ. ಆಕೆ ನಗಲಿಲ್ಲ. ದಸರಾ ಹತ್ತಿರ ಬರುತ್ತಿತ್ತು. ಬೆಳಗಿನ 'ಹೋಗ್ತೀನಿ' ನಿಂತಿತ್ತು ನಿಜ, ಆದರೆ ಮುದುಕಿ ಟಿಕೀಟಿನ ಮಾತು ಬಿಟ್ಟಿರಲಿಲ್ಲ. ವೈನಿಗೆ ಕೇಳುವ ಧೈರ್ಯವಿಲ್ಲ.

ಹೊರಡುವ ದಿನ ಬಂದೇಬಿಟ್ಟಿತು. ನಾನು ರಿಕ್ಷಾ ತಂದು ನಿಲ್ಲಿಸಿದೆ. ಶಿವಗಂಗವ್ವ ಇಳಕಲ್ ಸೀರೆ ಉಟ್ಟು, ಕೈಯಲ್ಲೊಂದು ಸಣ್ಣ ಚೀಲ ಹಿಡಿದು ಹೊರಬಂದಳು. ವೈನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತಾಯಿ ಹೊಸ್ತಿಲಲ್ಲಿ ಏನನ್ನುತ್ತಾಳೋ ಎಂದು ಆಕೆ ಉಸಿರು ಬಿಗಿಹಿಡಿದದ್ದು ನನಗೆ ಕಾಣುತ್ತಿತ್ತು. ಆ ಒಂದು ಮಾತು ಬಂದರೆ ಮುಗಿಯಿತು, ಈಕೆ ರೈಲಿನ ಮುಂದೆಯೇ ಮಲಗಿಬಿಡುತ್ತಾಳೆ ಎನಿಸಿತು.

ಮುದುಕಿ ಮಗಳ ಕಡೆ ನೋಡಲೇ ಇಲ್ಲ. ಅಂಗಳ ದಾಟಿ ಕಾಕುವಿನ ಬಾಗಿಲಿಗೆ ಹೋದಳು. ಟಿವಿಯ ಕಡೆ ಬೆರಳು ಮಾಡಿ, ಮುಷ್ಟಿಯನ್ನು ಸೊಂಟಕ್ಕೆ ಸಿಗಿಸಿ ತೋರಿಸಿ, ಆ ಕಳ್ಳಿಯ ಮೇಲೆ ಕಣ್ಣಿಡು ಎಂದು ಕೈಯಿಂದಲೇ ಹೇಳಿದಳು. ಆಮೇಲೆ, ಯಾವಾಗ ಕಲಿತಿದ್ದಳೋ ದೇವರೇ ಬಲ್ಲ, ತನ್ನ ಬಾಳಿನ ಮೊದಲ ಮರಾಠಿ ಮಾತನ್ನು ಆಡಿದಳು.

"ಯೇತೇ ಹಂ."

"ಯೇ ಗಂ, ಲವಕರ ಯೇ," ಎಂದರು ಕಾಕು. ಬಾ, ಬೇಗ ಬಾ.

ವೈನಿ ಚೌಕಟ್ಟು ಬಿಟ್ಟು ನನ್ನ ತೋಳು ಹಿಡಿದುಕೊಂಡಳು.

"ಸಂಜು, ಯವ್ವ ಈಗ ಏನಂದ್ಲು?"

"ಬರ್ತೀನಿ ಅಂದ್ರು, ವೈನಿ."

"ಇನ್ನೊಮ್ಮೆ ಹೇಳು."

"ಬರ್ತೀನಿ ಅಂದ್ರು."

ಆಕೆ ಒಳಗೆ ಓಡಿ, ತಾಯಿ ಬೇಕೆಂದೇ ಬಿಟ್ಟು ಹೊರಟಿದ್ದ ಟ್ರಂಕನ್ನು ಮಂಚದ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿ ಬಂದಳು.